ಗೋದಾಮಿನ ಬಾಗಿಲ ಝಡತಿ

ಆಗ ನನಗೆ ಹತ್ತು ವರ್ಷ, ಹೆಚ್ಚೆಂದರೆ ಹನ್ನೊಂದು. ಅದಾಗಿ ಎಪ್ಪತ್ತೈದು ವರ್ಷದ ಮೇಲಾಯಿತು. ಪೊಲೀಸ್ ಕಾರ್ಯಾಚರಣೆ ಎಂದು ಮೊಮ್ಮಗಳು ಪುಸ್ತಕದಲ್ಲಿ ಓದಿಕೊಂಡು ಬಂದು, ಫೌಜು ಬಂದದ್ದನ್ನು ಕಂಡೆಯಾ ಎಂದು ಕೇಳುತ್ತಾಳೆ. ನಾನು ಕಂಡದ್ದು ಒಂದು ಬಾಗಿಲು. ಅಕ್ಷರ ಕಲಿತದ್ದು ಮಕ್ಕಳ ಪಾಟಿ ನೋಡಿ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾವು ಕಮಲಾಪುರದವರು. ಅಲ್ಲಿ ಅಪ್ಪ, ಅವ್ವ ಇಬ್ಬರೂ ಒಬ್ಬ ಗೌಡರ ಮನೆಯಲ್ಲಿ ಜೀತಕ್ಕಿದ್ದರು. ಅವ್ವ ಕೊಟ್ಟಿಗೆ ಬಳಿದು ಹಿತ್ತಲಲ್ಲಿ ಕೂತರೆ, ಮಧ್ಯಾಹ್ನ ಕಳೆದ ಮೇಲೆ ಕಟ್ಟೆಯ ಮೇಲಿನಿಂದ ರೊಟ್ಟಿ ಒಗೆಯುತ್ತಿದ್ದರು. ಸೆರಗಿಗೆ ಬಿದ್ದರೆ ಆಯಿತು, ಇಲ್ಲದಿದ್ದರೆ ಮಣ್ಣು ಒರೆಸಿ ತಿನ್ನಬೇಕು. ಅಪ್ಪ ಜ್ವರ ಬಂದು ಸತ್ತ. ಅವನ ಕೆಲಸವೂ ಅವ್ವನ ಮೇಲೆಯೇ ಬಿತ್ತು. ಆಗ ಅವಳ ಹೊಟ್ಟೆಯಲ್ಲಿ ನನ್ನ ತಮ್ಮ ಇದ್ದ. ಅವನನ್ನು ಹೆತ್ತು ಮೈ ಸ್ವಲ್ಪ ಗಟ್ಟಿಯಾದ ಕೂಡಲೇ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ಮಹಾಗಾಂವದ ದಾರಿ ಹಿಡಿದು ಕಲಬುರಗಿಗೆ ನಡೆದು ಬಂದಳು. ಕೋಟನೂರಿನಲ್ಲಿ ನಮ್ಮವರೊಬ್ಬರ ಗೋಡೆಗೆ ಆನಿಸಿ ಗುಡಿಸಲು ಹಾಕಿಕೊಂಡೆವು.

ಕಲಬುರಗಿ ಊರೊಳಗೆ ತೊಗರಿ ಬೇಳೆಯ ಗೋದಾಮು ಒಂದಿತ್ತು. ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುವ ಕೆಲಸ. ಅವ್ವನಿಗೆ ಅಲ್ಲಿ ಜಾಗ ಸಿಕ್ಕಿತು. ಆ ಜಾಗ ಹೋದರೆ ಮತ್ತೆ ಕಮಲಾಪುರವೇ, ಮತ್ತೆ ಆ ಹಿತ್ತಲೇ. ಇದನ್ನು ಅವ್ವ ನನಗೆ ದಿನಾ ಹೇಳುತ್ತಿದ್ದಳು, ಬೇರೆ ಮಕ್ಕಳಿಗೆ ಗುಮ್ಮನ ಹೆಸರು ಹೇಳಿದ ಹಾಗೆ.

ಗೋದಾಮಿನ ಕಾಯಿದೆ ಒಂದೇ. ಬಾಗಿಲು ದಾಟುವಾಗ ಝಡತಿ ಕೊಡಬೇಕು. ಅಂದರೆ, ಬಾಗಿಲಲ್ಲಿ ಕೂತ ಮುದುಕ ಜವಾನನ ಮುಂದೆ ನಿಂತು ಸೆರಗು ಝಾಡಿಸಬೇಕು, ಸೊಂಟದ ಉಡಿ ಬಿಚ್ಚಬೇಕು, ತಲೆಗೂದಲು ಕೆದರಿ ತೋರಿಸಬೇಕು. ಝಡತಿ ಇಲ್ಲದೆ ಹೊರಗೆ ಕಾಲಿಟ್ಟವಳು ಕಳ್ಳಿ. ಮರುದಿನ ಅವಳ ಮೊರ ಬೇರೆಯವಳ ಕೈಗೆ. ಕೂಸುಗಳನ್ನು ಒಳಗೆ ಬಿಡುತ್ತಿರಲಿಲ್ಲ, ಸುತ್ತಿದ ಬಟ್ಟೆಯಲ್ಲಿ ಬೇಳೆ ಹೋಗುತ್ತದೆ ಎಂದು. ಹಾಗಾಗಿ ನಾನು ತಮ್ಮನನ್ನು ಎತ್ತಿಕೊಂಡು ಎದುರಿನ ಬೇವಿನ ಮರದ ಕೆಳಗೆ ದಿನವಿಡೀ ಕೂತಿರುತ್ತಿದ್ದೆ. ಅವ್ವ ಝಡತಿ ಕೊಟ್ಟು ಹೊರಗೆ ಬಂದು ಹಾಲು ಕುಡಿಸಿ ಹೋಗುತ್ತಿದ್ದಳು. ಕುಡಿಸುವಾಗಲೂ ಅವಳ ಕಣ್ಣು ಒಳಗಿನ ಮೊರದ ಮೇಲೆಯೇ.

ಆ ದಿನ ಮಧ್ಯಾಹ್ನದ ಹೊತ್ತಿಗೆ ಬಜಾರದಲ್ಲಿ ಅಂಗಡಿಗಳು ಒಂದೊಂದೇ ಮುಚ್ಚಿದವು. ಸೋಲಾಪುರದ ಕಡೆಯಿಂದ ಫೌಜು ಬರುತ್ತಿದೆ ಎಂದು ಜನ ಓಡಾಡತೊಡಗಿದರು. ಜವಾನ ಎದ್ದು ಬೀದಿಯ ಆ ಕಡೆ, ಈ ಕಡೆ ನೋಡಿದ. ಅವನ ಹೆಂಡತಿ ಮಕ್ಕಳು ದೂರದ ಗಲ್ಲಿಯಲ್ಲಿದ್ದರು. ಕೋಲನ್ನು ಗೋಡೆಗೆ ಆನಿಸಿಟ್ಟು, ಯಾರಿಗೂ ಏನೂ ಹೇಳದೆ ಹೋದ. ನನ್ನ ಮುಂದೆಯೇ ಹೋದ. ಅವನು ಮತ್ತೆ ಬರಲಿಲ್ಲ. ಏನಾದನೋ, ಆಗ ನಾವು ಕೇಳಲೂ ಇಲ್ಲ.

ಹೆಂಗಸರು ಕೆಲಸ ಬಿಟ್ಟು ಬಾಗಿಲ ತನಕ ಬಂದು ನಿಂತರು. ಬಾಗಿಲು ಪೂರ್ತಿ ತೆರೆದಿತ್ತು. ತಡೆಯುವವರು ಯಾರೂ ಇರಲಿಲ್ಲ. ಆದರೂ ಯಾರೂ ದಾಟಲಿಲ್ಲ. ಸಾಲು ಹಚ್ಚಿ ನಿಂತರು, ಜವಾನನ ಖಾಲಿ ಸ್ಟೂಲಿನ ಮುಂದೆ.

ತಮ್ಮ ಹಸಿದು ಅಳುತ್ತಿದ್ದ. ನಾನು ಅವನನ್ನು ಎತ್ತಿಕೊಂಡು ಹೊಸ್ತಿಲ ಹತ್ತಿರ ಹೋದೆ. ಅವ್ವ ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಯವ್ವ, ಬಾ. ಜವಾನ ಹೋಗ್ಯಾನ," ಅಂದೆ.

"ಬರ್ತಾನ. ಅಲ್ಲೇ ನಿಂದರು," ಅಂದಳು ಅವ್ವ.

"ಕೂಸು ಅಳಾಕತ್ತದ."

"ನನಗೂ ಕಿವಿ ಅವ. ಒಳಗ ಕಾಲು ಇಡಬ್ಯಾಡ."

ಅವಳ ಕುಪ್ಪಸ ಒದ್ದೆಯಾಗಿತ್ತು. ಕೂಸಿನ ಅಳು ಕೇಳಿದಷ್ಟೂ ಹಾಲು ಸೋರುತ್ತಿತ್ತು. ಅವಳು ಸೆರಗನ್ನು ಅದರ ಮೇಲೆ ಒತ್ತಿ ಹಿಡಿದು ನಿಂತಿದ್ದಳು. ಮುಖದಲ್ಲಿ ದುಃಖ ಇತ್ತೆಂದು ಬರೆದರೆ ಸುಳ್ಳಾಗುತ್ತದೆ. ದಣಿವು ಇತ್ತು, ಅಷ್ಟೇ.

ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು ಸಾಲಿನ ಹಿಂದಿನಿಂದ ಅಂದಳು, "ಏನ್ ಹುಚ್ಚರದೀರಿ ನೀವು. ಮಡಲ ತುಂಬ ಬ್ಯಾಳಿ ಕಟ್ಕೊಂಡು ನಡೀರಿ. ನೋಡವರು ಯಾರದಾರ?"

ಸಾಲಿನ ಮುಂದೆ ಒಬ್ಬ ಮುದುಕಿ ಇದ್ದಳು. ಅವಳು ತಿರುಗಿಯೂ ನೋಡಲಿಲ್ಲ. "ಇವತ್ತ ಕಟ್ಕೊಂಡು ಹೋಗ್ತೀ. ನಾಳಿಗಿ ಎಲ್ಲಿ ಕುಂದರ್ತೀ, ನಿಮ್ಮತ್ತಿ ತೊಡಿ ಮ್ಯಾಲೇನು?"

ಕೆಲವರು ನಕ್ಕರು. ನಾವು ಬಹಳ ನಿಯತ್ತಿನವರು ಎಂದು ಯಾರೂ ತಿಳಿಯುವುದು ಬೇಡ. ಚೀಲ ಚೀಲ ಬೇಳೆ ಬೆನ್ನ ಹಿಂದೆಯೇ ಇತ್ತು, ಎಲ್ಲರಿಗೂ ಹಸಿವೂ ಇತ್ತು. ಆದರೆ ಕಳ್ಳಿ ಅನ್ನಿಸಿಕೊಂಡರೆ ನಾಳೆ ಜಾಗವಿಲ್ಲ.

ಹೊತ್ತು ಇಳಿಯಿತು. ಬೀದಿಯಲ್ಲಿ ನಾಯಿಗಳು ಬಿಟ್ಟರೆ ಯಾರೂ ಇಲ್ಲ. ತಮ್ಮ ಅತ್ತು ಅತ್ತು ದನಿ ಹೋಗಿ ಬರೀ ಬಾಯಿ ತೆರೆಯುತ್ತಿದ್ದ. ಆಗ ಮುದುಕಿ ಅವನನ್ನು ನೋಡಿದಳು. ಸೊಂಟಕ್ಕೆ ಕೈ ಹಚ್ಚಿ ಹೋಗಿ ಜವಾನನ ಸ್ಟೂಲಿನ ಮೇಲೆ ಕೂತಳು.

"ಬರ್ರಿ. ಝಡತಿ ಒಬ್ಬರದು ಒಬ್ಬರು ಮಾಡೋಣು. ನಾಳೆ ಕೇಳಿದ್ರ, ಎಲ್ಲಾರೂ ಎಲ್ಲಾರಿಗೂ ಸಾಕ್ಷಿ. ಮೊದಲ ಈ ಕೂಸಿನ ತಾಯಿ ಬರಲಿ."

ಅವ್ವ ಮುಂದೆ ಬಂದು ಸೆರಗು ಝಾಡಿಸಿದಳು. ಒದ್ದೆಯಾದ ಬಟ್ಟೆಗೆ ಬೇಳೆಯ ಚೂರುಗಳು ಅಂಟಿದ್ದವು. ಮುದುಕಿ ಕಣ್ಣು ಕಿರಿದು ಮಾಡಿ ಅವನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಒಳಗೆ ಎಸೆದಳು.

"ನೀ ಕದ್ದಿಲ್ಲ ಬಿಡು. ನಿನ್ನ ಎದಿ ಕದ್ದದ," ಅಂದಳು.

ಅವ್ವ ಹೊಸ್ತಿಲು ದಾಟಿ ಬೀದಿಯಲ್ಲಿಯೇ ಕೂತು ತಮ್ಮನಿಗೆ ಹಾಲು ಕೊಟ್ಟಳು. ಹಿಂದೆ ಉಳಿದವರು ಒಬ್ಬರನ್ನೊಬ್ಬರು ತಡಕಿ ನೋಡುತ್ತಿದ್ದರು. ಜವಾನ ಕೂದಲು ನೋಡಿ ಬಿಡುತ್ತಿದ್ದ. ಇವರು ಕಿವಿಯ ಹಿಂದೆಯೂ ನೋಡಿದರು. ಆ ಮದುವೆಯಾಗಿ ಬಂದ ಹುಡುಗಿಯನ್ನು ಎರಡು ಸಲ ನೋಡಿದರು.

ಅಷ್ಟರಲ್ಲಿ ಮಾಲೀಕನ ಮುನೀಮ ಬೀಗ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದ. ಗೋದಾಮು ಲೂಟಿಯಾಗಿರುತ್ತದೆ ಎಂದುಕೊಂಡೇ ಬಂದವನು, ಇದನ್ನು ಕಂಡು ಬಾಗಿಲಲ್ಲೇ ನಿಂತ. ಮುದುಕಿ ನಡೆದದ್ದನ್ನೆಲ್ಲ ಹೇಳಿದಳು. ಭೇಷ್ ಅನ್ನುತ್ತಾನೆಂದು ಅವಳು ತಿಳಿದಿರಬೇಕು.

ಮುನೀಮ ಬಾಗಿಲು ನೋಡಿದ, ಸ್ಟೂಲು ನೋಡಿದ, ನನ್ನನ್ನು ನೋಡಿದ. "ಚಲೋ ಆತು," ಅಂದ. "ಇನ್ನ ಮ್ಯಾಲೆ ಜವಾನನ ಜರೂರತ್ ಇಲ್ಲ. ಈ ಪೋರಿ ದಿನಾ ಹೊರಗ ಖಾಲಿನೇ ಕುಂತಿರ್ತದ. ಝಡತಿ ಇದೇ ಮಾಡಲಿ. ಸಂಜಿಗಿ ಒಂದು ಹಿಡಿ ನುಚ್ಚು ಒಯ್ಯಲಿ."

ಮುದುಕಿ ಸ್ಟೂಲು ಬಿಟ್ಟು ಎದ್ದಳು. ಅವ್ವ ತಮ್ಮನನ್ನು ಎದೆಯಿಂದ ಬಿಡಿಸಿ, "ಆಗ್ಲಿ ರೀ," ಅಂದಳು. ಯೋಚನೆ ಮಾಡಲಿಲ್ಲ. ಕಮಲಾಪುರದ ಹಿತ್ತಲು ಅವಳ ಬೆನ್ನಿಗೇ ಇತ್ತು.

ಕೋಟನೂರಿಗೆ ನಡೆದು ಬರುವಾಗ ನಾನು ಕೇಳಿದೆ, "ನಿಂದೂ ನಾನೇ ಮಾಡ್ಬೇಕೇನು?"

"ನಂದು ಮೊದಲ ಮಾಡು. ಎಲ್ಲಾರೂ ನೋಡೂ ಹಂಗ ಮಾಡು," ಅಂದಳು.

ಮರುದಿನ ಬಜಾರ ಪೂರ್ತಿ ಮುಚ್ಚಿತ್ತು. ಫೌಜು ಊರೊಳಗೆ ಬಂದಿದೆ ಅಂದರು. ಗೋದಾಮು ಒಳಗಿನ ಗಲ್ಲಿಯಲ್ಲಿತ್ತು, ಅದರ ಬಾಗಿಲು ಅರ್ಧ ತೆರೆದಿತ್ತು. ಹೆಂಗಸರು ಬಂದು ಮೊರ ಹಿಡಿದು ಕೂತರು. ನಾನು ತಮ್ಮನನ್ನು ಕಂಕುಳಲ್ಲಿಟ್ಟುಕೊಂಡು ಜವಾನನ ಸ್ಟೂಲು ಹತ್ತಿದೆ. ನನ್ನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಬಿಸಿಲು ಏರುವುದರೊಳಗೆ ತಮ್ಮ ಅಳಲು ಶುರು ಮಾಡಿದ. ಅವ್ವ ಎದ್ದು ಬಂದು ನನ್ನ ಮುಂದೆ ನಿಂತಳು. ಒಳಗೆ ಮೊರಗಳ ಸಪ್ಪಳ ನಿಂತಿತು. ನಾನು ಅವಳ ಸೆರಗು ಝಾಡಿಸಿದೆ, ಉಡಿ ಬಿಚ್ಚಿಸಿದೆ, ತಲೆ ಬಗ್ಗಿಸು ಅಂದು ಕೂದಲಲ್ಲಿ ಕೈಯಾಡಿಸಿದೆ. ಆಮೇಲೆ ಕೂಸನ್ನು ಅವಳ ಕೈಗೆ ಕೊಟ್ಟೆ.