ಸ್ವಾಮಿಗಳ ಮುಖ ಮತ್ತು ಬೀರೂರಿನ ರೈಲು

ನಮ್ಮ ಮನೆಯ ಟೀವಿ ಸರಿಹೋದ ಬಗೆಗೆ ಬೀರೂರಿನ ನಮ್ಮ ಬೀದಿಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ರೈಲು ಓಡಾಡುವ ಅದುರಿಗೆ ಯಾವುದೋ ವೈರು ಸಡಿಲವಾಗಿತ್ತಂತೆ, ನಾನು ಅದನ್ನು ಕಂಡುಹಿಡಿದು ಬಿಗಿ ಮಾಡಿದೆನಂತೆ, ದೊಡ್ಡಮ್ಮನಿಗೆ ಭಾನುವಾರದ ಪ್ರವಚನ ಮತ್ತೆ ಚೆನ್ನಾಗಿ ಕೇಳಿಸತೊಡಗಿತಂತೆ. ಕಥೆ ನನ್ನನ್ನೇ ಹೊಗಳುವುದರಿಂದ ನಾನು ಸುಮ್ಮನಿರಬಹುದಿತ್ತು. ಆದರೆ ಅದರಲ್ಲಿ ರೈಲು ಸುಳ್ಳು, ವೈರು ಸುಳ್ಳು. 'ಕೇಳಿಸತೊಡಗಿತು' ಎಂಬ ಆ ಕೊನೆಯ ಮಾತಂತೂ ಅವೆರಡಕ್ಕಿಂತ ದೊಡ್ಡ ಸುಳ್ಳು.

ಮೊದಲು ರೈಲನ್ನು ವಿಚಾರಿಸಿಕೊಳ್ಳೋಣ. ಬೀರೂರು ಜಂಕ್ಷನ್ನು. ಇಲ್ಲಿ ಯಾವ ಗಳಿಗೆಯಲ್ಲಿ ಏನೇ ಆದರೂ ಒಂದು ರೈಲು ಆಗಷ್ಟೇ ಹೋಗಿರುತ್ತದೆ, ಇಲ್ಲವೇ ಇನ್ನೇನು ಬರುವುದರಲ್ಲಿರುತ್ತದೆ. ಹಾಲು ಉಕ್ಕಿದಾಗಲೂ ರೈಲು ಹೋಗಿರುತ್ತದೆ, ಪಕ್ಕದ ಮನೆಯವರ ಮದುವೆ ಮಾತು ಮುರಿದು ಬಿದ್ದಾಗಲೂ ಹೋಗಿರುತ್ತದೆ. ಟೀವಿಯ ಚಿತ್ರ ಸ್ವಚ್ಛವಾಗಿದ್ದ ಕಾಲದಲ್ಲಿ ಹಾದುಹೋದ ರೈಲುಗಳನ್ನು ಮಾತ್ರ ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ಅಜ್ಜಂಪುರದ ಕಡೆ ಹೋಗುವ ಗೂಡ್ಸ್ ಗಾಡಿಗೆ ನಮ್ಮ ಟೀವಿಯ ಮೇಲೆ ಏನು ದ್ವೇಷ ಎಂದು ದೊಡ್ಡಪ್ಪನನ್ನು ಕೇಳಿದೆ. "ಅದುರ್ತೈತಲ್ಲಮ್ಮ" ಎಂದರು. ಅದುರುವುದು ನೆಲ, ಮಂಜಾಗುವುದು ಚಿತ್ರ, ನಡುವಿನ ದಾರಿ ಯಾವುದು ಎಂದೆ. "ನಿಂಗೆ ಎಲ್ಲದುಕ್ಕೂ ವಾದ" ಎಂದರು. ವಾದ ಖಾಲಿಯಾಗುತ್ತ ಬಂದವರು ಕಡೆಗೆ ವಾದ ಮಾಡುವುದನ್ನೇ ಅಪರಾಧ ಎನ್ನುವುದು ನನಗೆ ಹೊಸದಲ್ಲ.

ಹೊಸದಲ್ಲ, ಏಕೆಂದರೆ ಕಡೂರಿನಲ್ಲಿ ಕಾಲೇಜು ಓದುವಾಗ ನನಗೆ ಚರ್ಚಾಸ್ಪರ್ಧೆಯ ಚಟ ಹತ್ತಿತು. ತರೀಕೆರೆಯಲ್ಲಿ ಸ್ಪರ್ಧೆಯೆಂದರೆ ತರೀಕೆರೆ, ಅಜ್ಜಂಪುರದಲ್ಲೆಂದರೆ ಅಜ್ಜಂಪುರ. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ, ಸಂಜೆ ಬಸ್ಸಿನಲ್ಲಿ ಕಂಡಕ್ಟರನ ಜೊತೆ ಚಿಲ್ಲರೆಯ ವಿಷಯದಲ್ಲಿ ಮತ್ತೆ ಪರ. ಗೆದ್ದ ಕಪ್‌ಗಳು ಮನೆಯ ಹಾಲಿನ ಶೋಕೇಸಿನಲ್ಲಿ ಸಾಲಾಗಿ ಕೂತಿವೆ. ಆದರೆ ನನ್ನ ನಿಜವಾದ ಎದುರಾಳಿ ಇದ್ದದ್ದು ಮನೆಯಲ್ಲೇ. ದೊಡ್ಡಮ್ಮ ಬುಕ್ಕಾಂಬುಧಿಯಿಂದ ಬಂದವಳು, ಏಳನೇ ಕ್ಲಾಸು ಓದಿದವಳು. ನಾನು ದೇವರಿಲ್ಲ ಎಂದು ಪೀಠಿಕೆ ಹಾಕಿದರೆ ಸಾಕು, ಹುರುಳಿಕಾಯಿ ನಾರು ಬಿಡಿಸುತ್ತಲೇ, "ಇಲ್ದೋನ್ ಮೇಲೆ ಇಷ್ಟ್ಯಾಕೆ ಸಿಟ್ಟು ನಿಂಗೆ" ಎನ್ನುವಳು. ಇದಕ್ಕೆ ನನ್ನ ಬಳಿ ಇದ್ದದ್ದು ಒಂದೇ ಪಟ್ಟು. ಎದುರಾಳಿಗೆ ಕೊನೆಯ ಏಟು ಕೊಟ್ಟಮೇಲೆ ಮುಖ ಕೊಡಬೇಡ, ತಿರುಗಿ ನಡೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನಾನು ಅದಕ್ಕೊಂದು ತಿದ್ದುಪಡಿ ತಂದು, ಮೊದಲು ತಿರುಗಿ ಆಮೇಲೆ ಏಟು ಕೊಡುತ್ತಿದ್ದೆ. ಅಡುಗೆಮನೆಯ ಕಡೆ ನಡೆಯುತ್ತ, ಬೆನ್ನು ಅವಳ ಕಡೆಗೆ ಮಾಡಿ, ಅತ್ಯಂತ ಗಟ್ಟಿ ಅಂಶವನ್ನು ಎಸೆದುಬಿಡುವುದು. ದೊಡ್ಡಮ್ಮನ ಮೇಲೆ ಈ ಪಟ್ಟು ಒಮ್ಮೆಯೂ ವಿಫಲವಾಗಲಿಲ್ಲ. ಹಿಂದಿನಿಂದ ಒಂದು ಉಸಿರೂ ಬರುತ್ತಿರಲಿಲ್ಲ. ಈ ಗೆಲುವುಗಳಿಗೆ ಕಪ್ ಕೊಡುವವರಿಲ್ಲವಲ್ಲ ಎಂಬುದೊಂದೇ ಕೊರತೆಯಾಗಿತ್ತು.

ಅಂಥ ದೊಡ್ಡಮ್ಮನಿಗೆ ಒಂದು ಸಿಂಹಾಸನವಿತ್ತು. ಪ್ರತಿ ಸೋಮವಾರ ಮಧ್ಯಾಹ್ನ ಬೀದಿಯ ಹೆಂಗಸರು ನಮ್ಮ ಹಾಲಿನಲ್ಲಿ ಸೇರುತ್ತಾರೆ. ಹಿಂದಿನ ದಿನ ಮಠದಲ್ಲಿ ಸ್ವಾಮಿಗಳು ಹೇಳಿದ್ದನ್ನು ದೊಡ್ಡಮ್ಮ ಅವರಿಗೆ ಮತ್ತೆ ಹೇಳಬೇಕು. ಸ್ವಾಮಿಗಳದ್ದು ಒಂದು ಗಂಟೆಯಾದರೆ ಇವಳದ್ದು ಅರ್ಧ ಗಂಟೆ, ರುಚಿ ಮಾತ್ರ ದುಪ್ಪಟ್ಟು ಎಂದು ಹೆಂಗಸರ ತೀರ್ಪು. ಮೊದಲೆಲ್ಲ ಬಸ್ಸು ಹತ್ತಿ ಮಠಕ್ಕೇ ಹೋಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಆ ಸಾಲು ಸಿಗದಿದ್ದರೆ ಪ್ರಸಾದವನ್ನೂ ಮುಟ್ಟದೆ ವಾಪಸು. ಜನ ಅದನ್ನು ಭಕ್ತಿ ಎಂದರು, ನಾನು ಜಂಭ ಎಂದೆ. ಮಂಡಿನೋವು ಬಂದಮೇಲೆ ಮನೆಗೆ ವೈಫೈ ಬಂತು, ದೊಡ್ಡ ಟೀವಿ ಬಂತು, ಅದರ ಹಿಂಬದಿಗೆ ನೆಟ್ಟಿನ ವಿಡಿಯೋ ತೋರಿಸುವ ಅಂಗೈಯಗಲದ ಪೆಟ್ಟಿಗೆಯೊಂದು ಬಂತು. ಭಾನುವಾರ ಬೆಳಿಗ್ಗೆ ಸ್ವಾಮಿಗಳೇ ನಮ್ಮ ಹಾಲಿಗೆ ಬರತೊಡಗಿದರು. ಕೆಲವು ತಿಂಗಳು ಎಲ್ಲ ಸುಗಮವಾಗಿತ್ತು. ಆಮೇಲೆ ಸ್ವಾಮಿಗಳ ಮುಖ ಕೆಟ್ಟಿತು.

ಕೆಟ್ಟಿತು ಎಂದರೆ ಮಂಜು. ಗಡ್ಡ ಎಲ್ಲಿ ಮುಗಿದು ಕಾವಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯದು. ಕೈ ಎತ್ತಿದರೆ ಚೌಕ ಚೌಕವಾಗಿ ಒಡೆದು ಮತ್ತೆ ಕೂಡಿಕೊಳ್ಳುವರು. ವೈರಾಗ್ಯಕ್ಕೆ ಇಷ್ಟು ಒಳ್ಳೆಯ ದೃಷ್ಟಾಂತ ಬೇರೆ ಸಿಕ್ಕದು ಎಂದು ನಾನು ನಕ್ಕೆ. ದೊಡ್ಡಮ್ಮ ನಗಲಿಲ್ಲ. ಆ ಸೋಮವಾರ ಅವಳು ಹೇಳಿದ್ದು ಹತ್ತೇ ನಿಮಿಷ. ಮುಂದಿನ ಸೋಮವಾರ ತಲೆನೋವೆಂದು ಕೂಟವನ್ನೇ ನಿಲ್ಲಿಸಿದಳು. ಅದರ ಮುಂದಿನ ಸೋಮವಾರ ಎದುರುಮನೆಯ ಗಿರಿಜಕ್ಕ, ಸ್ವಾಮಿಗಳನ್ನು ಒಲೆ ಪಕ್ಕದಲ್ಲಿ ಫೋನಿನಲ್ಲಿ ಇಟ್ಟುಕೊಂಡು ಒಗ್ಗರಣೆ ಹಾಕುತ್ತ ಕೇಳುವವರು, ಬಹಳ ಕನಿಕರದಿಂದ, "ಪಾಪ, ಅಕ್ಕಂಗೂ ವಯಸ್ಸಾತು. ಇನ್ಮ್ಯಾಗೆ ನಾನೇ ಹೇಳ್ತೀನಿ ಬಿಡ್ರೀ" ಎಂದರು. ದೊಡ್ಡಮ್ಮ ಅವರಿಗೆ ಕಾಫಿ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

ನನ್ನನ್ನು ಕರೆದು ದೂರು ಕೊಟ್ಟಳು. "ಸ್ವಾಮಿಗ್ಳು ಏನ್ ಹೇಳ್ತಾರೋ ಒಂದೂ ಕೇಳ್ಸಲ್ಲ ಕಣೇ. ಅದೇನೋ ಪೆಟ್ಟಿಗೆ ತಂದವ್ರೆ, ಲಾಯ್ರಮ್ಮ, ನೋಡು ಒಸಿ."

ಕೇಳಿಸಲ್ಲ ಎಂದಳಲ್ಲ, ಇಡೀ ಮನೆ ಶಬ್ದದ ಹಿಂದೆ ಬಿತ್ತು. ಅಪ್ಪ ವಾಲ್ಯೂಮ್ ಏರಿಸಿದರು. ದೊಡ್ಡಪ್ಪ ತಮ್ಮ ಕೊಬ್ಬರಿ ಮಂಡಿಯಿಂದ ಗಣಪತಿ ಹಬ್ಬದ ಸ್ಪೀಕರ್ ತಂದು ಟೀವಿಗೆ ಕಟ್ಟಿದರು. ಸ್ಟೇಷನ್ನಿನಲ್ಲಿ ರೈಲು ಕಾಯುವವರಿಗೂ ಮೋಕ್ಷದ ಸಮಾಚಾರ ತಲುಪುವಷ್ಟು ಸದ್ದಾಯಿತು. ದೊಡ್ಡಮ್ಮ ಮಾತ್ರ ಪಟ್ಟು ಬಿಡಲಿಲ್ಲ. "ಏನೂ ಕೇಳ್ಸಲ್ಲ." ಅವಳಿಗೆ ಹೊಸ ಪೆಟ್ಟಿಗೆ ಬೇಡ, ಹಳೇ ಕೇಬಲ್ ಬೇಕು, ಅದಕ್ಕೇ ಈ ಹಟ ಎಂದು ಮನೆಯವರು ತೀರ್ಮಾನಿಸಿದರು. ಕೆಟ್ಟಿರುವುದು ಚಿತ್ರ, ದೂರುವುದು ಶಬ್ದವನ್ನು, ಇದು ಶುದ್ಧ ವಿಷಯಾಂತರ ಎಂದು ನಾನು ತೀರ್ಮಾನಿಸಿದೆ. ಪ್ರತಿವಾದಿಯ ಮಾತನ್ನು ಅವರು ಹೇಳಿದ ಅರ್ಥದಲ್ಲೇ ಮೊದಲು ಪೂರ್ತಿ ಒಪ್ಪಿಕೊಂಡು ನೋಡಬೇಕು, ಅದೇ ಪೂರ್ವಪಕ್ಷದ ನಿಯಮ ಎಂದು ವೇದಿಕೆಗಳ ಮೇಲೆ ಉಪದೇಶ ಮಾಡಿದವಳು ನಾನು. ಮನೆಯಲ್ಲಿ ನಿಯಮ ಯಾರಿಗೆ ನೆನಪಿರುತ್ತದೆ.

ನೆಟ್ಟಿನವನನ್ನು ಕರೆದೆ. ಅವನು ಬಂದು, "ನೆಟ್ ಸೂಪರಾಗೈತೆ ಮೇಡಂ, ಬಾಕ್ಸ್ ಡಬ್ಬಾ" ಎಂದ. ಬಾಕ್ಸ್ ಮಾರಿದವನಿಗೆ ಫೋನ್ ಮಾಡಿದೆ. "ಬಾಕ್ಸ್ ಸೂಪರು, ನೆಟ್ ಡಬ್ಬಾ" ಎಂದ. ಇಬ್ಬರೂ ಒಂದೇ ಶಾಲೆಯಲ್ಲಿ ತರ್ಕ ಕಲಿತಿರಬೇಕು. ಇಬ್ಬರನ್ನೂ ಬಿಟ್ಟು ನಾನೇ ರೂಟರ್ ಹುಡುಕಿದೆ. ಅದು ಶೋಕೇಸಿನ ಗಾಜಿನ ಬಾಗಿಲಿನೊಳಗೆ, ಅಮ್ಮ ಹೆಣೆದ ಉಲ್ಲನ್ ಟೋಪಿ ಹಾಕಿಕೊಂಡು, ನನ್ನದೇ ಕಪ್‌ಗಳ ಹಿಂದೆ ಅಡಗಿ ಕೂತಿತ್ತು. ಧೂಳು ಕೂರಬಾರದು ಎಂದು ಅಮ್ಮನ ಕಾಳಜಿ. ನನ್ನ ವಾಗ್ವೈಭವದ ಲೋಹವೆಲ್ಲ ಸೇರಿ ಸ್ವಾಮಿಗಳ ದಾರಿಗೆ ಅಡ್ಡ ನಿಂತಿದೆ ಎಂಬ ಊಹೆ ನನಗೆ ಹಿತವಾಗಿಯೇ ಇತ್ತು. ಟೋಪಿ ಕಳಚಿ ರೂಟರನ್ನು ಗೋಡೆಯ ಮೇಲೆ ಕೂರಿಸಿದೆ. ನನ್ನ ಫೋನಿನಲ್ಲಿ ವಿಡಿಯೋಗಳು ನೀರಿನಂತೆ ಹರಿದವು. ಟೀವಿಯಲ್ಲಿ ಸ್ವಾಮಿಗಳು ಮಂಜಾಗಿಯೇ ಉಳಿದರು. ಅಲ್ಲಿಗೆ ಅಪರಾಧಿ ಪೆಟ್ಟಿಗೆಯ ಒಳಗೇ ಇದ್ದಾನೆ ಎಂದಾಯಿತು.

ಮುಂದಿನ ಭಾನುವಾರ ಪ್ರವಚನ ನಡೆಯುತ್ತಿರುವಾಗಲೇ ರಿಮೋಟ್ ಹಿಡಿದು ಸೆಟ್ಟಿಂಗ್ಸ್ ಒಳಗೆ ಇಳಿದೆ. ಒಂದು ಮೂಲೆಯಲ್ಲಿ 'ಡೇಟಾ ಸೇವರ್' ಎಂಬುದು ಚಾಲೂ ಆಗಿತ್ತು. ಡೇಟಾ ಉಳಿಸಲೆಂದು ಚಿತ್ರವನ್ನು ತೆಳ್ಳಗೆ ಮಾಡಿ ಕಳಿಸುವ ಏರ್ಪಾಡು ಅದು. ಪಕ್ಕದಲ್ಲಿ ಕೂತಿದ್ದ ದೊಡ್ಡಪ್ಪನ ಜೊತೆ ಮಾತಾಡಲು ಸ್ವಾಮಿಗಳ ಸದ್ದು ಅಡ್ಡ ಬಂತು. ಮ್ಯೂಟ್ ಒತ್ತಿ, ಇದನ್ನು ಯಾರು ಹಾಕಿದ್ದು ಎಂದೆ.

"ನಾನೇ ಕಣಮ್ಮ. ಒಂದಿನ ಅದೇ ಕೇಳ್ತು, ಉಳಿಸ್ಲಾ ಅಂತ. ಹ್ಞೂಂ ಅಂದೆ."

"ನಮ್ದು ಅನ್‌ಲಿಮಿಟೆಡ್ ದೊಡ್ಡಪ್ಪ. ಉಳಿಸೋಕೆ ಏನೈತೆ ಅದ್ರಲ್ಲಿ?"

"ಉಳಿಸ್ಲಾ ಅಂತ ಕೇಳಿದ್ರೆ ಬ್ಯಾಡ ಅನ್ನಕ್ಕಾಯ್ತದಾ? ಅನ್‌ಲಿಮಿಟೆಡ್ ಅಂದ್ರೆ ನಂಬೋನು ಮಂಡಿ ಇಡಬಾರ್ದು."

ಇದು ಬೀರೂರಿನ ವ್ಯಾಪಾರಸ್ಥರ ಮನೆಗಳಲ್ಲಿ ಮಾತ್ರ ಆಗಬಹುದಾದ ತಪ್ಪು. ಉಳಿತಾಯ ಮಾಡಲೇ ಎಂದು ಕೇಳಿದ ಯಂತ್ರಕ್ಕೆ ಬೇಡ ಎನ್ನುವ ಗಂಡಸು ಈ ಊರಿನ ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ದೊಡ್ಡಪ್ಪ, "ಏನೇ ಆಗ್ಲಿ, ರೈಲಿಂದೂ ಐತೆ ಅದ್ರಾಗೆ" ಎಂದು ಚಪ್ಪಲಿ ಮೆಟ್ಟಿಕೊಂಡು ಮಂಡಿಗೆ ಹೊರಟರು. ನಾನು ಡೇಟಾ ಸೇವರ್ ಬಂದ್ ಮಾಡಿದೆ. ಪರದೆಯ ಮೇಲೆ ಚಕ್ರ ಒಂದು ಸುತ್ತು ತಿರುಗಿತು. ಸ್ವಾಮಿಗಳು ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ತೊಳೆದು ಬಂದರು. ಗಡ್ಡದ ಒಂದೊಂದು ಬಿಳಿ ಎಳೆ, ತುಟಿ, ತುಟಿಯಂಚಿನ ಎಲೆಅಡಿಕೆಯ ಕೆಂಪು.

ದೊಡ್ಡಮ್ಮ ಮುಂದಕ್ಕೆ ಬಾಗಿ ಕೂತಳು. "ಈಗ ಕೇಳ್ತು ನೋಡು" ಎಂದಳು. "ಎಷ್ಟ್ ಚಂದಾಗಿ ಕೇಳ್ಸ್ತೈತೆ."

ಟೀವಿಯ ಮೂಲೆಯಲ್ಲಿ ಅಡ್ಡಗೆರೆ ಎಳೆದ ಸ್ಪೀಕರಿನ ಗುರುತು ಹಾಗೇ ಇತ್ತು. ನಾನು ಮ್ಯೂಟ್ ತೆಗೆದಿರಲಿಲ್ಲ.

ಇಲ್ಲಿ ಸ್ವಲ್ಪ ಪಾಂಡಿತ್ಯ ಪ್ರದರ್ಶನಕ್ಕೆ ಅವಕಾಶ ಕೊಡಿ, ಏಕೆಂದರೆ ಆ ಗಳಿಗೆಯಲ್ಲಿ ನಾನೂ ತಪ್ಪಿಸಿಕೊಳ್ಳಲು ಅಲ್ಲಿಗೇ ಓಡಿದ್ದು. ನೆಟ್ಟಿನಲ್ಲಿ ಬರುವ ವಿಡಿಯೋ ಇದ್ದದ್ದನ್ನೆಲ್ಲ ಹೊತ್ತು ತರುವುದಿಲ್ಲ. ಸಾರಾಂಶ ತರುತ್ತದೆ, ಉಳಿದದ್ದನ್ನು ಪೆಟ್ಟಿಗೆ ಊಹಿಸಿ ತುಂಬಿಕೊಳ್ಳುತ್ತದೆ. ಇನ್ನೂ ಉಳಿಸು ಎಂದರೆ ಮೊದಲು ಕತ್ತರಿ ಬೀಳುವುದು ಚಿತ್ರಕ್ಕೆ. ಶಬ್ದದ ಭಾರ ಕಡಿಮೆ, ಅದನ್ನು ಕಾಪಾಡುತ್ತಾರೆ. ಮುಖ ಮಂಜಾದರೇನು, ಮಾತು ಕೇಳಿದರೆ ಸಾಕಲ್ಲ ಎಂಬುದು ಇದನ್ನು ಮಾಡಿದವರ ಲೆಕ್ಕಾಚಾರ. ಕಿವಿ ಚೆನ್ನಾಗಿರುವವರ ಲೆಕ್ಕಾಚಾರ.

ದೊಡ್ಡಮ್ಮ ಸ್ವಾಮಿಗಳ ತುಟಿಯಿಂದ ಕಣ್ಣು ಕೀಳದೆ, ನಗುತ್ತ, ತಲೆದೂಗುತ್ತ ಕೇಳುತ್ತಿದ್ದಳು. ನಿಶ್ಶಬ್ದ ಹಾಲಿನಲ್ಲಿ ನಾನು ಸಾಕ್ಷಿಗಳನ್ನು ಒಂದೊಂದಾಗಿ ಕರೆದೆ. ಮಠದ ಮುಂದಿನ ಸಾಲು. ಫೋನ್ ಮಾಡಿದರೆ "ಮಖ ತೋರ್ಸು, ಆಮೇಲ್ ಮಾತು" ಎಂದು ವಿಡಿಯೋ ಕಾಲಿಗೇ ಕೂರುವುದು. ಕರೆಂಟು ಹೋದಾಗ ಇಡೀ ಮನೆ ಹರಟೆಗೆ ಕೂತರೆ ಇವಳೊಬ್ಬಳು ಗೋಡೆಗೊರಗಿ ಕಣ್ಣು ಮುಚ್ಚುವುದು. ಇವೆಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೊಂದು ಹೆಸರಿತ್ತು. ಜಂಭ, ಪ್ರೀತಿ, ಸುಸ್ತು. ರೈಲಿನಷ್ಟೇ ಗಟ್ಟಿಯಾದ ಸಿದ್ಧಾಂತಗಳು. ಅವುಗಳಲ್ಲಿ ಒಂದನ್ನು ಮಂಡಿಸಿದ್ದು ಸಾಕ್ಷಾತ್ ನಾನು.

ಮ್ಯೂಟ್ ತೆಗೆದೆ. ಗಣಪತಿ ಸ್ಪೀಕರಿನಿಂದ ಸ್ವಾಮಿಗಳು ಗುಡುಗಿದರು. ನಾನು ಬೆಚ್ಚಿದೆ, ಅಡುಗೆಮನೆಯಲ್ಲಿ ಅಮ್ಮ ಕೈಯಲ್ಲಿದ್ದ ತಟ್ಟೆ ಬೀಳಿಸಿದಳು. ದೊಡ್ಡಮ್ಮ ರೆಪ್ಪೆ ಹೊಡೆಯಲಿಲ್ಲ. ನಾನು ಬೆಚ್ಚಿದ್ದನ್ನು ಮಾತ್ರ ನೋಡಿದಳು. ಆಮೇಲೆ ರಿಮೋಟನ್ನು ನೋಡಿದಳು. ಆಮೇಲೆ ಮತ್ತೆ ಸ್ವಾಮಿಗಳ ಕಡೆ ತಿರುಗಿದಳು.

ಮರುದಿನ ಸೋಮವಾರ ಅವಳು ಹೇಳಿದ್ದು ಪೂರಾ ಅರ್ಧ ಗಂಟೆ. ಒಬ್ಬ ಕುಂಬಾರ ಊರಿಗೆಲ್ಲ ಮಡಕೆ ಮಾಡಿ ತಾನು ಒಡಕಲಿನಲ್ಲೇ ನೀರು ಕುಡಿದ ಕಥೆ. ಯಾಕಯ್ಯಾ ಎಂದು ಜನ ಕೇಳಿದರೆ, ಕುಂಬಾರನ ಹೆಂಡತಿ ಒಳಗಿನಿಂದ, "ಒಡಕಲಾಗಿದ್ರೆ ಅದು ಇವತ್ತಿಂದು ಇವತ್ತೇ ಕುಡಿಸ್ತೈತೆ, ನಾಳೀಕೆ ಇಡಕ್ಕೆ ಬಿಡಲ್ಲ" ಎನ್ನುತ್ತಾಳೆ. ಹೆಂಗಸರು ಅಬ್ಬಾ ಎಂದರು. ಗಿರಿಜಕ್ಕ ಮಾತ್ರ, "ಇದು ನಾನ್ ಕೇಳ್ದಂಗೆ ಇರ್ಲಿಲ್ಲಲ್ಲ" ಎಂದರು. "ಒಗ್ಗರಣೆ ಸದ್ದಾಗೆ ನಿಂಗೇನ್ ಕೇಳ್ತದೆ ಗಿರಿಜಾ" ಎಂದಳು ದೊಡ್ಡಮ್ಮ, ಮತ್ತು ಸಿಂಹಾಸನದ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ನನ್ನ ಸಂಶಯಬುದ್ಧಿ ಸುಮ್ಮನಿರದೆ, ಪ್ರವಚನವನ್ನು ಫೋನಿನಲ್ಲಿ ಹಾಕಿ ಎರಡು ಕಿವಿಯಿಂದಲೂ ಕೇಳಿದೆ. ಕುಂಬಾರ ಇದ್ದ, ಒಡಕಲೂ ಇತ್ತು. ಹೆಂಡತಿ ಎಲ್ಲೂ ಇರಲಿಲ್ಲ. ಗಿರಿಜಕ್ಕ ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಇಷ್ಟು ವರ್ಷ ನಮ್ಮ ಬೀದಿ ಯಾರ ಉಪದೇಶದಿಂದ ಉದ್ಧಾರವಾಗುತ್ತಿತ್ತು ಎಂದು ಯೋಚಿಸಿದರೆ ನನ್ನಂಥ ನಾಸ್ತಿಕಳಿಗೂ ಭಕ್ತಿ ಬಂದುಬಿಡುವ ಅಪಾಯವಿದೆ.

ಇದನ್ನೆಲ್ಲ ಬರೆಯಲೇ ಎಂದು ದೊಡ್ಡಮ್ಮನನ್ನೇ ಕೇಳಿದೆ. "ಬರಿ. ನಮ್ ಬೀದೀಲಿ ಓದೋರ್ ಯಾರವ್ರೆ" ಎಂದಳು. ಬರೆದದ್ದನ್ನು ಕನ್ನಡಕ ಹಾಕಿಕೊಂಡು ಓದಿದಳು. ಸಕ್ಕರೆ ಹಾಕದ ಕಾಫಿಯ ಹತ್ತಿರ ಒಮ್ಮೆ ನಕ್ಕಳು. "ಕುಂಬಾರನ ಹೆಂಡ್ತಿ ಮಾತು ಸರಿಯಾಗ್ ಬರ್ದಿದೀಯ" ಎಂದು ಹಾಳೆ ವಾಪಸು ಕೊಟ್ಟಳು. ಬೆನ್ನು ತಿರುಗಿಸಿ ಗೆದ್ದ ವಾದಗಳ ಬಗ್ಗೆ ಒಂದು ಮಾತಿಲ್ಲ. ನಾನು ಅವಳ ಎದುರಿಗೆ, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ನಿಂತು, ನಿಧಾನವಾಗಿ, ಬಾಯಿ ಅಗಲಿಸಿ, ಒಂದು ಮಾತು ಕೇಳಬೇಕಿತ್ತು ಎಂದೆ.

"ಹಂಗ್ ಬಾಯಿ ಕಿಸೀಬ್ಯಾಡ, ಮಾಮೂಲಿ ಮಾತಾಡು" ಎಂದಳು. ನಾನು ಮಾಮೂಲಿನಂತೆ ಬಾಯಿ ತೆರೆಯುವಷ್ಟರಲ್ಲಿ ಎದ್ದು, ನನ್ನ ಕಡೆಗೆ ಬೆನ್ನು ಮಾಡಿ, ಕಡೂರಿನ ಯಾವ ಕಾಲೇಜಿನಲ್ಲೂ ಕಲಿಯದವಳು, ಅಡುಗೆಮನೆಯ ಕಡೆ ನಡೆದಳು. ಹೊರಗೆ ಒಂದು ರೈಲು ಹೋಗುತ್ತಿತ್ತು. ಅವಳ ತುರುಬಿನ ಕಡೆ ನೋಡುತ್ತ ನಾನು ಕೇಳಿಯೇಬಿಟ್ಟೆ:

"ದೊಡ್ಡಮ್ಮ, ಅವಾಗೆಲ್ಲ ನೀನು ಸುಮ್ನಾಗ್ತಿದ್ದೆಯಲ್ಲ, ನಾನ್ ಹೇಳಿದ್ದು ಒಪ್ಕಂಡು ಸುಮ್ನಾಗಿದ್ದಾ, ಕೇಳ್ದೇ ಸುಮ್ನಾಗಿದ್ದಾ?"