ಮೆಹೆರಾಜರ ಹನ್ನೆರಡು ವಿಮಾನಗಳು

ಬೈಲಹೊಂಗಲದಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಹಿತ್ತಲ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಕುಂತ ಮೆಹೆರಾಜ, ಗೇಣುದ್ದದ ವಿಮಾನವೊಂದರ ರೆಕ್ಕೆಗೆ ಬೂದು ಬಣ್ಣ ಬಳಿಯುತ್ತಿದ್ದಾರೆ. ಎಂಟಕ್ಕೆ ಓಣಿಯಾಚೆಯ ಹತ್ತಿ ಜಿನ್ನಿಂಗ್ ಮಿಲ್ಲು ಶುರುವಾಗುತ್ತದೆ. ಆಮೇಲೆ ಗಾಳಿಯ ತುಂಬ ಅರಳೆ. ಹಸಿ ಬಣ್ಣದ ಮೇಲೆ ಒಂದೇ ಒಂದು ಎಳೆ ಕೂತರೂ ರೆಕ್ಕೆಯನ್ನು ಉಜ್ಜಿ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಐದಕ್ಕೆ ಕುಂತವರು ಏಳೂವರೆಗೆ ಕೆಲಸ ಮುಗಿಸಿ, ವಿಮಾನದ ಮೇಲೆ ರೊಟ್ಟಿ ಬುಟ್ಟಿ ಬೋರಲು ಹಾಕಿ ಏಳುತ್ತಾರೆ.

"ಮಿಲ್ಲಿನಾವ್ರಿಗೆ ಹೇಳಾಕ ಬರತೈತೇನ್ರಿ, ನನ್ನ ಇಮಾನ ಇನ್ನೂ ಒಣಗಿಲ್ಲ, ತಡದು ಮಷೀನು ಹಚ್ರಿ ಅಂತ?" ಎಂದು ಅವರೇ ನಗುತ್ತಾರೆ.

ಬೆಳಗಾವಿಯ ಸಾವಕಾರರೊಬ್ಬರು ಹೊರಗಿನಿಂದ ಪ್ಲಾಸ್ಟಿಕ್ಕಿನ ಬಿಡಿಭಾಗಗಳ ಡಬ್ಬಿ ತರಿಸುತ್ತಾರೆ. ನಿಜವಾದ ವಿಮಾನವನ್ನು ಅಳತೆ ತಪ್ಪದೆ ಕುಗ್ಗಿಸಿದ ಮಾದರಿ ಅದು. ಅಂಟಿಸಿ, ಬಣ್ಣ ಕೊಟ್ಟು, ರೆಕ್ಕೆಯ ಮೇಲಿನ ನಂಬರಿನ ತನಕ ಎಲ್ಲ ಬರೆಯುವವರು ಮೆಹೆರಾಜ. ಟಿಕೆಟು ಮಾರುವ ಟ್ರಾವೆಲ್ಸ್ ಅಂಗಡಿಗಳ ಗಾಜಿನ ಹಿಂದೆ, ಮಕ್ಕಳ ಸಾಲಿಗಳ ಕಪಾಟಿನಲ್ಲಿ, ನಿವೃತ್ತ ಫೌಜಿಗಳ ಟೀವಿ ಮೇಲೆ ಕುಂತಿರುತ್ತವಲ್ಲ, ಅವು. ತೊಂಬತ್ಮೂರರಿಂದ ಈ ಎರಡು ಸಾವಿರದ ಐದರ ತನಕ ಹನ್ನೆರಡು ವರ್ಷ, ತಿಂಗಳಿಗೆ ಮೂರು. ನಾನೂರು ದಾಟಿವೆ. ಒಂದರ ಮೇಲೂ ಇವರ ಹೆಸರಿಲ್ಲ.

ಕೈಗೆ ಕುಂಚ ಕೊಟ್ಟವರು ಅಪ್ಪ ರಹಿಮಾನಸಾಬ. ಬೈಲಹೊಂಗಲ, ಮುರಗೋಡ, ರಾಮದುರ್ಗದ ಲಾರಿಗಳ ಮೇಲೆ ಗಿಳಿ, ಗುಲಾಬಿ, ದೇವರ ಹೆಸರು ಬರೆದು ಬದುಕಿದ ಮನುಷ್ಯ. ಗಂಡುಮಕ್ಕಳಿರಲಿಲ್ಲ. ಮಗಳನ್ನೇ ಲಾರಿಯ ಹಲಗೆ ಹತ್ತಿಸಿದರು. ಅವ್ವ ಜುಬೇದಾಬಿ "ಮಂದಿ ಏನಂದಾರು" ಎಂದಾಗ, "ಮಂದಿ ಬಂದು ಗೆರಿ ಹೊಡೀತಾರೇನು?" ಎಂದಿದ್ದರಂತೆ.

ಮೆಹೆರಾಜ ಬಣ್ಣ, ಕುಂಚ ಆರಿಸುವುದನ್ನು ನೋಡಬೇಕು. ಅಂಗಡಿಯವನು ನಂಬರ್ ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಒಂದು ಲೋಟ ನೀರು ಕೇಳುತ್ತಾರೆ. ಕುಂಚ ಅದ್ದಿ ಒಮ್ಮೆ ಝಾಡಿಸುತ್ತಾರೆ. ಜೀರಿಗೆ ಕಾಳಿನ ಹಾಗೆ ತುದಿ ಚೂಪಾದರೆ ಸರಿ, ಕವಲೊಡೆದರೆ ವಾಪಸ್. ಗೆರೆಗೆ ಅಳಿಲಿನ ಕೂದಲು, ಅಗಲ ರೆಕ್ಕೆಗೆ ಮೇಕೆಯ ಕೂದಲು. "ನಂಬರ್ ನೋಡಿ ಕುಂಚ ತಗೊಳ್ಳೂದಂದ್ರ ಕುಂಡಲಿ ನೋಡಿ ಎಮ್ಮಿ ತಂದಂಗ್ರಿ" ಎನ್ನುತ್ತಾರೆ.

ಬಣ್ಣ ಎನಾಮೆಲ್ಲೇ ಆಗಬೇಕು. ಟರ್ಪೆಂಟೈನ್ ಹಾಕಿ ಹಾಲಿನಷ್ಟು ತೆಳ್ಳಗೆ ಮಾಡಿ ಮೂರು ಸಲ ಕೊಡಬೇಕು, ನಡುವೆ ಒಂದೊಂದು ದಿನ ಒಣಗಲು ಬಿಡಬೇಕು. ಫೌಜಿನ ವಿಮಾನ ಹೊಳೆಯಬಾರದು, ಅದಕ್ಕೆ ಬಣ್ಣದಲ್ಲಿ ಚಿಟಿಕೆ ಮುಖದ ಪೌಡರ್. ಹೊಸ ಬಣ್ಣ ಬಂದರೆ ಮೊದಲು ಡಬ್ಬಿಯಲ್ಲಿ ಉಳಿದ ಪ್ಲಾಸ್ಟಿಕ್ ಕಡ್ಡಿಯ ಮೇಲೆ ಪರೀಕ್ಷೆ, ಆಮೇಲಷ್ಟೇ ವಿಮಾನಕ್ಕೆ. ಯಾವ ಪುಸ್ತಕವೂ ಹೇಳಿಕೊಟ್ಟದ್ದಲ್ಲ ಇದು. ಕೆಡಿಸಿ ಕೆಡಿಸಿ ಕಲಿತದ್ದು.

ಇಂಥ ಹೆಂಗಸಿನ ಕೈಗೆ ಹೋದ ವರ್ಷ ಕೆಟ್ಟ ಹೆಸರು ತಂದಿಟ್ಟರು.

ಸವದತ್ತಿ ಕಡೆಯ ಒಂದು ಖಾಸಗಿ ಸಾಲಿಯವರು ತಮ್ಮ ಹೊಸ ಹಾಲ್‌ಗೆ ಹನ್ನೆರಡು ವಿಮಾನ ಕೇಳಿದ್ದರು. ಮೆಹೆರಾಜ ಎಲ್ಲವನ್ನೂ ಅಂಟಿಸಿ ಇಟ್ಟಿದ್ದರು, ಬಣ್ಣ ಬಾಕಿ. ಅಷ್ಟರಲ್ಲಿ ಉದ್ಘಾಟನೆಯ ದಿನ ಮುಂದೆ ಬಂತು. ಸಾವಕಾರರು ಬೆಳಗಾವಿಯಿಂದ ಒಂದು ಪೆಟ್ಟಿಗೆ ಕಳಿಸಿದರು: ಕಾರಿಗೆ ಹೊಡೆಯುವ, ಹತ್ತೇ ನಿಮಿಷದಲ್ಲಿ ಒಣಗುವ ಬಣ್ಣ, ಅದರ ಥಿನ್ನರ್, ಜೊತೆಗೆ ಬಾಗಿಲಿಗೆ ಬಳಿಯುವ ಬಿರುಸು ಬ್ರಶ್ಶು. ನಾಲ್ಕು ದಿನದಲ್ಲಿ ಮುಗಿಸು ಎಂಬ ಅಪ್ಪಣೆ.

ಮೆಹೆರಾಜ ಕಡ್ಡಿಯ ಮೇಲೆ ಹಚ್ಚಿ ನೋಡಿದರು. ಕಡ್ಡಿ ಬೆರಳಿಗೆ ಅಂಟುವಷ್ಟು ಮೆತ್ತಗಾಯಿತು. ಕೈ ತೊಳೆಯದೆ ಎಸ್‌ಟಿಡಿ ಬೂತಿಗೆ ಓಡಿದರು.

"ಸಾವಕಾರ್ರ, ಈ ಬಣ್ಣ ಪ್ಲಾಸ್ಟಿಕ್ ತಿನ್ನತೈತ್ರಿ, ಬ್ಯಾಡ್ರಿ ಅಂದೆ. 'ನೀ ನನಗ ಕಲಿಸಾಕಿ ಏನು? ಹೇಳಿದಷ್ಟು ಮಾಡು. ಇಲ್ಲಾಂದ್ರ ಪೆಟಿಗಿ ವಾಪಸ್ ಕಳಸು, ಇನ್ನೊಬ್ರು ಅದಾರ' ಅಂದ್ರು. ಮಾಡಿದೆ. ಅದೊಂದು ನನ್ನ ತಪ್ಪು. ಪೆಟಿಗಿ ವಾಪಸ್ ಒಗೀಬೇಕಿತ್ತು."

ಹನ್ನೆರಡೂ ವಿಮಾನ ಸುಕ್ಕುಗಟ್ಟಿದವು. ರೆಕ್ಕೆಗಳು ಬಿಸಿಲಿಗಿಟ್ಟ ಹಪ್ಪಳದಂತೆ ಡೊಂಕಾದವು. ಮತ್ತೆ ಮಾಡಲು ದಿನವಿರಲಿಲ್ಲ, ಹಾಗೇ ಹೋದವು. ಹಾಲ್ ತುಂಬ ಮಂದಿ, ಮಕ್ಕಳು, ತಾಯಿ ತಂದೆ. ಗುಸುಗುಸು ಶುರುವಾಯಿತು. ಆಗ ಸಾವಕಾರರು ಎದ್ದು ಮೈಕು ಹಿಡಿದು ಏನಂದರು ಗೊತ್ತೇ? "ಬೈಲಹೊಂಗಲದ ಒಬ್ಬಾಕಿ ಹೆಣ್ಮಗಳಿಗೆ ಕೊಟ್ಟಿದ್ವಿ. ಕೈ ನಡುಗತಾವ ಪಾಪ, ಕೆಡಿಸ್ಯಾಳ. ಹೊಸಾವು ಮಾಡಿಸಿ ಕೊಡತೇವಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಬೇಡವೆಂದು ಬಡಕೊಂಡವಳ ಕೈಯೇ ನಡುಗುವ ಕೈಯಾಯಿತು, ಪೆಟ್ಟಿಗೆ ಕಳಿಸಿದವರು ಚಪ್ಪಾಳೆ ಹೊಡೆಸಿಕೊಂಡು ಇಳಿದರು. ಆ "ಪಾಪ" ಎಂಬ ಮಾತು ಬೇರೆ, ಗಾಯದ ಮೇಲೆ ಉಪ್ಪು.

ಮೆಹೆರಾಜ ಆ ಹಾಲ್‌ನ ಕೊನೆಯ ಸಾಲಿನಲ್ಲಿ ಕುಂತಿದ್ದರು. ಜೊತೆಗೆ ಮಗಳು ನಾಜಿಯಾ. ತಾನು ಮಾಡಿದ್ದನ್ನು ಮಂದಿ ನೋಡುವುದನ್ನು ನೋಡಬೇಕೆಂದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೋಗಿದ್ದರು.

ಮಾತು ಊರಿಗೆ ಬಸ್ಸಿಗಿಂತ ಮೊದಲೇ ಬಂತು. ಸಂಪಗಾಂವದ ಟ್ರಾಕ್ಟರಿನವರು ಟ್ರೇಲರ್ ಮೇಲೆ ಹೆಸರು ಬರೆಸಲು ಬೇರೆಯವರನ್ನು ಹುಡುಕಿದರು. ದೊಡವಾಡದ ಕಿರಾಣಿ ಅಂಗಡಿಯವರು ಬೋರ್ಡಿನ ಕೆಲಸ ವಾಪಸ್ ತೆಗೆದುಕೊಂಡರು. "ಏನ್ ಮೆಹೆರಾಜವ್ವ, ಕೈ ಹ್ಯಾಂಗದಾವ ಈಗ?" ಎಂದು ಸಂತೆಯಲ್ಲಿ ಕೇಳಿದವರೂ ಉಂಟು. ಗಂಡ ಸಾಜಿದ್ ಟೆಂಪೋ ಓಡಿಸುತ್ತಾರೆ, ಮನೆಗೆ ಉಪವಾಸ ಬರಲಿಲ್ಲ. ಆದರೆ ಆರು ತಿಂಗಳು ಆ ಕಟ್ಟೆಯ ಮೇಲೆ ಬೆಳಗ್ಗೆ ಯಾರೂ ಕೂರಲಿಲ್ಲ.

ಸಾವಕಾರರು ಕೆಲಸವನ್ನು ಬೆಳಗಾವಿಯ ಒಬ್ಬ ಪೇಂಟರನಿಗೆ ಕೊಟ್ಟರು. ಅದೇ ಪೆಟ್ಟಿಗೆಯ ಬಣ್ಣ, ಅದೇ ಸುಕ್ಕು! ಗಂಡಸಿನ ಕೈಯೂ ನಡುಗಿತೇನೋ. ಆಗ ಮತ್ತೆ ಬೈಲಹೊಂಗಲ ನೆನಪಾಯಿತು. ಮೆಹೆರಾಜ ಒಂದೇ ಷರತ್ತು ಹಾಕಿದರು: "ಬಣ್ಣ ನಾ ಆರಸತೇನಿ, ಕುಂಚ ನಾ ಆರಸತೇನಿ. ನಿಮ್ಮ ಪೆಟಿಗಿ ನನ್ನ ಹೊಚ್ಚಲಾ ದಾಟಬಾರದು." ಸಾವಕಾರರು ಒಪ್ಪಿದರು.

ಹೊಸ ಹನ್ನೆರಡು ವಿಮಾನ ಈಗ ಆ ಹಾಲ್‌ನಲ್ಲಿವೆ. ಸಾಲಿಯ ವಿಜ್ಞಾನ ಮಾಸ್ತರ ನಿಜಗುಣಪ್ಪ ಹಳೆಯದೊಂದನ್ನು ಬ್ಲೇಡಿನಿಂದ ಕೆರೆದು ನೋಡಿದವರು. "ಒಂದ ಗೆರಿನೂ ಸೊಟ್ಟ ಇರಲಿಲ್ರಿ. ಪ್ಲಾಸ್ಟಿಕ್ಕ ಕರಗಿತ್ತು. ಕೈದು ಏನ್ ತಪ್ಪು?" ಎನ್ನುತ್ತಾರೆ. ಆದರೆ ಸಾವಕಾರರು ಸಾಲಿಯವರಿಗೆ ಹೇಳಿದ್ದು ಬೇರೆ: ಈ ಸಲ ಪುಣೆಯ ಕಲಾವಿದರಿಂದ ಮಾಡಿಸಿದ್ದೇವೆ! ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಕೆಟ್ಟಾಗ ಬೈಲಹೊಂಗಲದ ಹೆಣ್ಮಗಳು, ಚಂದಾದಾಗ ಪುಣೆಯ ಕಲಾವಿದ. ಯಾವ ನ್ಯಾಯ ಇದು?

ಏನು ಬೇಕು ನಿಮಗೆ ಎಂದು ಈ ಪತ್ರಿಕೆಗಾಗಿ ಕೇಳಿದಾಗ ಮೆಹೆರಾಜ ಕುಂಚ ಒರೆಸಿ ಪಕ್ಕಕ್ಕಿಡುತ್ತಾರೆ.

"ಸತ್ಕಾರ, ಶಾಲು ಏನೂ ಬ್ಯಾಡ್ರಿ. ಅದ ಹಾಲ್‌ನ್ಯಾಗ, ಅದ ಮೈಕಿನ್ಯಾಗ ಸಾವಕಾರ್ರು ಒಂದ ಮಾತು ಹೇಳಬೇಕು. ಅವರು ಹೇಳೂದಿಲ್ಲ, ನನಗ ಗೊತ್ತೈತಿ. ಹಂಗಾರ ನೀವು ಬರೀರಿ. ಹನ್ನೆರಡು ಇಮಾನ ಕೆಟ್ಟದ್ದು ಬಣ್ಣದಿಂದ, ಕೈಯಿಂದ ಅಲ್ಲ. ಬರದ್ರೇನು? ಓದ್ರಿ ನೋಡೋಣು."

ಓದಿ ಹೇಳಿದಾಗ ಅವರು ತಲೆಯಾಡಿಸುತ್ತಾರೆ.

"ಹೂಂ. ಈಗ ಕೆಳಗ ಹೆಸರು ಹಾಕ್ರಿ. ಬೈಲಹೊಂಗಲದ ಒಬ್ಬಾಕಿ ಹೆಣ್ಮಗಳು ಅಂತ ಬ್ಯಾಡ. ಪೂರ್ತಿ ಹಾಕ್ರಿ. ಮೆಹೆರಾಜ ರಹಿಮಾನಸಾಬ ಪೇಂಟರ."