ವ್ಯಾನಲ್ಲಿ ಹೋಗುವ ಮಾವನ ಮನೆ

ಚಿಕ್ಕಪ್ಪನ ಮದುವೆ ಮುರಿದದ್ದು ಜಾತಕ ಕೂಡದೆ ಅಂತ ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೂಡದ ಜಾತಕಕ್ಕೆ ನಿಶ್ಚಿತಾರ್ಥ ಹೇಗೆ ಆಯಿತು? ತಟ್ಟೆ ಬದಲಾಯಿಸಿಕೊಂಡ ಮೇಲೆ ಗ್ರಹಗಳೂ ಜಾಗ ಬದಲಾಯಿಸಿಕೊಂಡವೇ? ಮುರಿದದ್ದು ನನ್ನ ಬಾಯಿಂದ.

ಆಗ ತುರ್ತು ಪರಿಸ್ಥಿತಿ. ಕರಪತ್ರ ಹಂಚಿದನೆಂದು ಚಿಕ್ಕಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಹುಡುಗಿ ಮನೆಯವರಿಗೆ, ಆಫೀಸ್ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದಾನೆ ಎಂದು ಹೇಳಿಯಾಗಿತ್ತು. ಪಕ್ಕದ ಮನೆಯವರ ಹತ್ತಿರ ಮಾತ್ರ ಅಮ್ಮ "ಮಾವನ ಮನೆಗೆ ಹೋಗಿದ್ದಾನೆ" ಎಂದು ನಗಲು ನೋಡುತ್ತಿದ್ದಳು. ನನಗೆ ಆರು ವರ್ಷ.

ಒಂದು ಭಾನುವಾರ ಹುಡುಗಿಯ ತಂದೆ ಹನುಮಂತನಗರದಿಂದ ಜಯನಗರದ ನಮ್ಮ ಮನೆಗೆ ಬಂದರು. ಅಮ್ಮ ಕಾಫಿ ಮಾಡಲು ಒಳಗೆ ಹೋದಳು.

"ಚಿಕ್ಕಪ್ಪ ಎಲ್ಲಿ ಪುಟ್ಟೀ?"

"ಮಾವನ ಮನೆಗೆ ಹೋಗಿದ್ದಾನೆ."

ಅವರು ಜೋರಾಗಿ ನಕ್ಕರು. "ಅವನ ಮಾವ ನಾನೇ ಅಲ್ವೇನೇ?"

"ನಿಮ್ಮನೆ ಅಲ್ಲ ತಾತ. ಪೊಲೀಸ್ ವ್ಯಾನಲ್ಲಿ ಕರ್ಕೊಂಡ್ ಹೋಗ್ತಾರಲ್ಲ, ಆ ಮಾವನ ಮನೆ."

ಕಾಫಿ ಬರುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟಿಕೊಂಡಿದ್ದರು.

ಮೊನ್ನೆ ಕಾಲೇಜಿನ ಚರ್ಚಾಸ್ಪರ್ಧೆಗೆಂದು ಜೈಲುಗಳ ಬಗ್ಗೆ ಓದಿದೆ. ಕೆರಿಬಿಯನ್ ದ್ವೀಪವೊಂದರಲ್ಲಿ ದುಂಡಗೆ ಕಟ್ಟಿದ ಜೈಲೊಂದಿತ್ತು. ಸುತ್ತಲೂ ಕೋಣೆಗಳು, ನಟ್ಟನಡುವೆ ಕಾವಲು ಗೋಪುರ. ಕಾವಲಿನವನು ಸುರಂಗದಲ್ಲಿ ಬಂದು ಹೋಗುತ್ತಿದ್ದುದರಿಂದ ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಕೈದಿಗೆ ತಿಳಿಯುತ್ತಿರಲಿಲ್ಲ. ಈಗ ಅದು ಮ್ಯೂಸಿಯಂ. ಅಲ್ಲಿದ್ದ ಹೆಸರುವಾಸಿ ಕೈದಿಯೊಬ್ಬನ ಕತೆಯನ್ನೇ ಎಲ್ಲರೂ ಬರೆಯುತ್ತಾರೆ. ಮಿಕ್ಕವರು ಹೊರಗೆ ಬಂದು ಏನಾದರು? ನಾನು ಓದಿದ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ.

ಭಾಷಣವನ್ನು ಚಿಕ್ಕಪ್ಪನ ಮುಂದೆ ಒಪ್ಪಿಸಿದೆ.

"ನೋಡಕ್ಕೆ ಟಿಕೆಟ್ ಇದ್ಯಂತಾ? ನಮಗೆ ಫ್ರೀ ಇತ್ತು," ಅಂದ. ನಾನು ನಕ್ಕೆ, ಅವನು ನಗಲಿಲ್ಲ. ನನ್ನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಅಂದ, "ಗೋಪುರ ಖಾಲಿ ಇದ್ರೂ ಅಷ್ಟೇ ಕಣೇ. ಒಳಗಿರೋನು ಕದಲಲ್ಲ."

ಹತ್ತು ವರ್ಷದಿಂದ ತಪ್ಪು ನನ್ನದೇ ಎಂದು ಒಪ್ಪಿಕೊಂಡು ಬಂದಿದ್ದೇನೆ. ಆದರೆ ಆ ವಾದದಲ್ಲಿ ಒಂದು ತೂತಿದೆ, ಭಾಷಣ ಒಪ್ಪಿಸಿದ ಅವತ್ತೇ ಕಂಡಿತು. ಚಿಕ್ಕಪ್ಪ ಬಿಡುಗಡೆಯಾಗಿ ಬಂದ ಮೇಲೂ ಎರಡು ವರ್ಷ ಆ ಹುಡುಗಿಗೆ ಮದುವೆ ಆಗಿರಲಿಲ್ಲ. ಹನುಮಂತನಗರವೇನು ಸಮುದ್ರದಾಚೆ ಇರಲಿಲ್ಲ.

ಅವನು ನನ್ನ ಭಾಷಣದ ಹಾಳೆಗಳನ್ನು ತಿರುಗಿಸುತ್ತಾ ಕೂತಿದ್ದ. ಕೇಳಬಾರದಿತ್ತು. ಕೇಳಿದೆ.

"ಚಿಕ್ಕಪ್ಪ, ಅವರಪ್ಪ ಬೇಡ ಅಂದ್ರು, ಸರಿ. ಹುಡುಗಿನೂ ಬೇಡ ಅಂದ್ಲಾ? ಒಂದ್ಸಲ ಹೋಗಿ ಕೇಳಿದ್ಯಾ ನೀನು?"